ಅಂಟುಜಾಡ್ಯದ ಕಾಲದಲ್ಲಿ ತಾಯ್ನುಡಿ

(ಸಂಘದ ವಾರ್ಷಿಕೋತ್ಸವದಲ್ಲಿ, ಕುಪವಾಡ ಎಂಐಡಿಸಿಯಲ್ಲಿ ಮಾಡಿದ ಭಾಷಣ)



ಪಂಪನನ್ನೋ ಬಸವಣ್ಣನವರನ್ನೋ ಕುರಿತು ಈ ವೇದಿಕೆಯಿಂದ ವರ್ಷಕ್ಕೊಮ್ಮೆ ನಾಲ್ಕು ಮಾತನ್ನಾಡುವುದು ನಮಗೆ ರೂಢಿಯಾಗಿದೆ. ಕಾರ್ಯದರ್ಶಿಗಳು ಈ ಸಲವೂ ಅದನ್ನೇ ನಿರೀಕ್ಷಿಸಿದ್ದರು. ಕೊರೋನಾ ಹಾವಳಿಯಲ್ಲಿ ದೇಶವು ನಡೆದುಕೊಂಡ ಬಗೆಯನ್ನು ಕುರಿತು ಮಾತನಾಡುತ್ತೇವೆಂದು ನಾವು ತಿಳಿಸಿದಾಗ ಅವರು ಕ್ಷಣಕಾಲ ಸುಮ್ಮನಿದ್ದು, “ಅದು ವೈದ್ಯರು ಆಡಬೇಕಾದ ಮಾತಲ್ಲವೇ, ಗುರುಗಳೇ?” ಎಂದರು. ಅವರ ಸಂದೇಹ ಸಹಜವಾದುದೇ. ನಾವು ಕಲಿತದ್ದು ಹಳಗನ್ನಡ, ವ್ಯಾಕರಣ, ಛಂದಸ್ಸು. ನಾಡಿ ಹಿಡಿದು ನೋಡಲು ನಾವರಿಯೆವು. ಆದರೆ ವೈದ್ಯನ ಬಾಯಿಂದ ಹೊರಟ ಮಾತು ರೋಗಿಯ ಕಿವಿಯನ್ನು ಮುಟ್ಟುವ ನಡುದಾರಿಯೊಂದಿದೆ. ಆ ದಾರಿಯಲ್ಲಿ ನಮ್ಮಂಥವರಿಗೂ ಕೆಲಸವಿತ್ತು. ಆ ಕೆಲಸದಲ್ಲಿ ನಾವು ಎಡವಿದೆವು. ಅದನ್ನು ನಿಮ್ಮೆದುರು ಹೇಳಬೇಕೆಂದೇ ಈ ವಿಷಯವನ್ನು ಆರಿಸಿಕೊಂಡೆವು.

೨೦೨೦ನೆಯ ಇಸವಿಯ ಮಾರ್ಚ್ ತಿಂಗಳನ್ನು ಇಲ್ಲಿರುವವರಲ್ಲಿ ಯಾರೂ ಮರೆತಿರಲಾರರು. ಆ ತಿಂಗಳ ೧೦ರಂದು ಕಲಬುರಗಿಯವರಾದ, ಸೌದಿ ಅರೇಬಿಯದಿಂದ ಮರಳಿದ್ದ ೭೬ ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಈ ರೋಗವು ತೆಗೆದುಕೊಂಡ ಮೊದಲ ಜೀವ ಅದು. ಮರುದಿನವೇ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ೨೨ರಂದು ಜನತಾ ಕರ್ಫ್ಯೂ ಆಯಿತು. ೨೪ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಮಾತನಾಡಿದರು. ನಾಲ್ಕೇ ತಾಸುಗಳಲ್ಲಿ ಇಡಿಯ ದೇಶವು ೨೧ ದಿನಗಳಿಗೆಂದು ಬಾಗಿಲು ಹಾಕಿಕೊಂಡಿತು. ಹಗಲಿರುಳೆನ್ನದೆ ಸದ್ದು ಮಾಡುತ್ತಿದ್ದ ಈ ಕುಪವಾಡದಲ್ಲಿ ಫೌಂಡ್ರಿಯ ಕುಲುಮೆಗಳು ಆರಿದವು, ಪಾಳಿಯ ಭೋಂಗಾ ನಿಂತಿತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಇಲ್ಲಿ ಗುಬ್ಬಿಗಳ ದನಿ ಕೇಳಿತೆಂದು ಯಾರೋ ಹೇಳಿದರು. ಕೇಳಲಿಕ್ಕೆ ಇಂಪಾದ ಮಾತು. ಪಗಾರ ನಿಂತವನಿಗೆ ಅದರಲ್ಲಿ ಇಂಪೇನೂ ಇರಲಿಲ್ಲ.

ಅದೇ ವಾರ ನಮ್ಮ ಸಾಂಗಲಿ ಜಿಲ್ಲೆಯ ಹೆಸರು ನಾಡಿನ ವೃತ್ತಪತ್ರಗಳಲ್ಲೆಲ್ಲ ಬಂದಿತು. ವಾಳವಾ ತಾಲೂಕಿನ ಇಸ್ಲಾಂಪುರದಲ್ಲಿ, ಸೌದಿ ಅರೇಬಿಯಕ್ಕೆ ಯಾತ್ರೆ ಹೋಗಿ ಬಂದ ಒಂದೇ ಮನೆಯ ನಾಲ್ವರಿಗೆ ರೋಗವಿದೆಯೆಂದು ೨೩ರಂದು ತಿಳಿದುಬಂದು, ತಿಂಗಳು ಕಳೆಯುವಷ್ಟರಲ್ಲಿ ಆ ಕುಟುಂಬದವರೂ ಅವರ ಒಡನಾಟದವರೂ ಸೇರಿ ರೋಗಿಗಳ ಸಂಖ್ಯೆ ಇಪ್ಪತ್ತನ್ನು ದಾಟಿತು. ಆಗ ಅಧಿಕಾರಿಗಳು ಕೈಕೊಂಡ ಕ್ರಮವು ಸರಳವಾಗಿತ್ತು. ಆ ಮನೆಗಳ ಸುತ್ತಲಿನ ಓಣಿಗಳನ್ನು ಮುಚ್ಚಿದರು. ಯಾರು ಯಾರನ್ನು ಕಂಡಿದ್ದರು, ಯಾರೊಡನೆ ಕುಳಿತು ಉಂಡಿದ್ದರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಅಂಥವರನ್ನೆಲ್ಲ ಬೇರೆಯಾಗಿ ಇರಿಸಿದರು. ರೋಗಿಗಳನ್ನು ಮಿರಜಿನ ಸರಕಾರಿ ಆಸ್ಪತ್ರೆಯಲ್ಲಿ ಉಪಚರಿಸಿದರು. ಏಪ್ರಿಲ್ ನಡುವಿನ ಹೊತ್ತಿಗೆ ಬಹುತೇಕ ಎಲ್ಲರೂ ಗುಣಮುಖರಾಗಿದ್ದರು, ಮತ್ತು ಆ ಕಿಡಿ ಅಲ್ಲಿಂದ ಹೊರಗೆ ಹಾರಿ ಜಿಲ್ಲೆಯನ್ನು ಸುಡಲಿಲ್ಲ. ಇದನ್ನು ಮೆಚ್ಚದವರು ಯಾರು? ಆದರೆ ಈ ಕೆಲಸದ ಜೀವಾಳವಿದ್ದುದು ಪೋಲೀಸರ ಲಾಠಿಯಲ್ಲಲ್ಲ, ಕೇಳಿದ ಪ್ರಶ್ನೆಗೆ ಬಂದ ನಿಜವಾದ ಉತ್ತರದಲ್ಲಿ ಎಂಬುದನ್ನು ಗಮನಿಸಬೇಕು. ಪ್ರಶ್ನೆ ತಿಳಿಯಬೇಕು, ಕೇಳುವವರ ಮೇಲೆ ನಂಬಿಗೆ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಬರೆದುಕೊಂಡ ಪಟ್ಟಿಯು ಬರಿಯ ಕಾಗದ.

ಇದು ಈ ನಾಡಿಗೆ ಹೊಸ ಪಾಠವಲ್ಲ. ೨೦೨೦ರಲ್ಲಿ ರಾಜ್ಯ ಸರಕಾರಗಳು ಯಾವ ಕಾಯಿದೆಯ ಬಲದಿಂದ ಇಷ್ಟನ್ನೆಲ್ಲ ನಡೆಸಿದವೋ ಆ ಸಾಂಕ್ರಾಮಿಕ ರೋಗಗಳ ಕಾಯಿದೆಯು ೧೮೯೭ರದು. ನಾಲ್ಕೇ ಕಲಮುಗಳ ಚಿಕ್ಕ ಕಾಯಿದೆ; ಅದು ಕೊಡುವ ಅಧಿಕಾರ ಮಾತ್ರ ಚಿಕ್ಕದಲ್ಲ. ೧೮೯೬ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ವೈದ್ಯ ವಿಯೇಗಾಸರು ಪ್ಲೇಗನ್ನು ಗುರುತಿಸಿದ ಕೆಲವೇ ತಿಂಗಳುಗಳಲ್ಲಿ ಅದು ಹುಟ್ಟಿತು. ಪುಣೆಯಲ್ಲಿ ಅದರ ಪ್ರಯೋಗ ಹೇಗಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಸಿಪಾಯಿಗಳು ಮನೆಗಳೊಳಗೆ, ಅಡಿಗೆಮನೆ ದೇವರ ಮನೆಗಳೊಳಗೆ ನುಗ್ಗಿದರು, ರೋಗಿಗಳನ್ನು ಎಳೆದೊಯ್ದರು, ಸಾಮಾನುಗಳನ್ನು ಬೀದಿಯಲ್ಲಿಟ್ಟು ಸುಟ್ಟರು. ಜನರು ರೋಗಿಗಳನ್ನು ಬಚ್ಚಿಟ್ಟರು, ಸತ್ತವರನ್ನು ಗುಟ್ಟಾಗಿ ಸಾಗಿಸಿದರು. ೧೮೯೭ರ ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಪ್ಲೇಗು ಮಾತ್ರ ಯಾರಿಗೂ ಅಂಜದೆ, ಪುಣೆ ಮಿರಜ ಬೆಳಗಾವಿಯ ರೈಲುದಾರಿಯ ಕಡೆಯ ನಮ್ಮ ಊರುಗಳಿಗೆ ಬಂದಿತು. ಧಾರವಾಡ ಹುಬ್ಬಳ್ಳಿಗಳನ್ನು ಹಿಡಿಯಿತು. ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ ೧೮೯೪ರಲ್ಲೇ ಹಾಂಗ್‌ಕಾಂಗಿನಲ್ಲಿ ಕಂಡಿದ್ದನು. ಆದರೆ ಇಲಿಯ ಮೈಮೇಲಿನ ಚಿಗಟವು ಅದನ್ನು ಮನುಷ್ಯನಿಗೆ ತಂದು ಮುಟ್ಟಿಸುತ್ತದೆಂಬುದನ್ನು ಸಿಮೊಂಡ್ ಎಂಬವನು ಕರಾಚಿಯಲ್ಲಿ ತೋರಿಸಿದ್ದು ೧೮೯೮ರಲ್ಲಿ. ಅದನ್ನು ಸರಕಾರದ ಪಂಡಿತರು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷಗಳು ಬೇಕಾದವು. ಅಲ್ಲಿಯವರೆಗೆ ಸರಕಾರವು ಮೋರಿಗಳಿಗೆ ಔಷಧ ಸುರಿಯುತ್ತ, ಗೋಡೆಗಳಿಗೆ ಸುಣ್ಣ ಬಳಿಯುತ್ತ ಇತ್ತು. ನಮ್ಮ ಹಳ್ಳಿಗರಾದರೋ ಮನೆಯಲ್ಲಿ ಇಲಿ ಬಿದ್ದಿತೆಂದರೆ ಮರುಮಾತಿಲ್ಲದೆ ಗಂಟುಮೂಟೆ ಕಟ್ಟಿ ಊರಾಚೆಯ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಚಿಗಟದ ಶಾಸ್ತ್ರವನ್ನು ಅವರು ಓದಿರಲಿಲ್ಲ. ಇಲಿ ಸತ್ತ ಮನೆಯಲ್ಲಿ ಇರಬಾರದೆಂಬುದನ್ನು ಬಲ್ಲವರಾಗಿದ್ದರು. ಊರು ಬಿಟ್ಟು ಹೊರಗಿರುವುದನ್ನು ಅವರಿಗೆ ಯಾವ ಸಿಪಾಯಿಯೂ ಕಲಿಸಬೇಕಾಗಿರಲಿಲ್ಲ. ಹಾಗೆಯೇ ಹಾಫ್‌ಕಿನ್ ಎಂಬ ವಿಜ್ಞಾನಿಯು ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದ ಪ್ಲೇಗಿನ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯೆಂದು ಅಲ್ಲಿ ಆ ಕೆಲಸವನ್ನು ನಡೆಸಿದ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಬರೆದಿಟ್ಟಿದ್ದಾನೆ. ಎಲ್ಲರೂ ಒಲಿದೇ ತೋಳು ಚಾಚಿದರೆಂದು ನಾವು ಹೇಳೆವು. ಸಾವಿನ ಭಯ ಬೆನ್ನ ಹಿಂದಿತ್ತು. ಆದರೂ ನೆರೆಮನೆಯವನು ಬದುಕುಳಿದುದನ್ನು ಕಣ್ಣಾರೆ ಕಂಡದ್ದು ಯಾವ ಕಟ್ಟಾಜ್ಞೆಗಿಂತಲೂ ಹೆಚ್ಚಿನ ಕೆಲಸ ಮಾಡಿರಬೇಕು.

ಈಗ ನಮ್ಮ ಕಾಲಕ್ಕೆ ಮರಳೋಣ. ೨೦೨೦ರ ಏಪ್ರಿಲಿನಲ್ಲಿ ಅಥಣಿ, ಇಂಡಿ, ಸಿಂದಗಿ, ಜತ್ತದ ಕಡೆಯ ಎಷ್ಟೋ ಮಂದಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಈ ಊರಿನಿಂದ ನಡೆದು ಹೊರಟರು. ಮ್ಹೈಸಾಳ ದಾಟಿ ಕಾಗವಾಡದ ಕಡೆಗೆ ಹೋದವರಲ್ಲಿ ಕೆಲವರು ಗಡಿಯಿಂದ ತಿರುಗಿ ಬಂದರು. ಆಚೆ ಕಾಣುವುದು ತಮ್ಮದೇ ನುಡಿಯ ಊರು, ಒಳಗೆ ಬಿಡಲೊಲ್ಲರು. ಅದೇ ದಿನಗಳಲ್ಲಿ ಕನ್ನಡದ ಇನ್ನೊಂದು ಗಡಿಯಾದ ಕಾಸರಗೋಡಿನಲ್ಲಿ ಇದಕ್ಕಿಂತ ಕಠೋರವಾದುದು ನಡೆಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಜನ ಹೆರಿಗೆಗೂ ಹೃದಯದ ಬೇನೆಗೂ ಡಯಾಲಿಸಿಸಿಗೂ ತಲತಲಾಂತರದಿಂದ ಮಂಗಳೂರನ್ನೇ ನಂಬಿದವರು. ಕರ್ನಾಟಕವು ತಲಪಾಡಿಯ ದಾರಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಆಸ್ಪತ್ರೆ ಮುಟ್ಟಲಾಗದೆ ಜೀವಗಳು ಹೋದವೆಂದು ಕೇರಳವು ದೂರಿತು. ಅಡ್ಡಿಗಳನ್ನು ತೆರವು ಮಾಡಿಸಬೇಕೆಂದು ಕೇರಳದ ಉಚ್ಚ ನ್ಯಾಯಾಲಯವು ಏಪ್ರಿಲ್ ೧ರಂದು ಕೇಂದ್ರಕ್ಕೆ ಹೇಳಿತು. ವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ತುರ್ತಿನ ರೋಗಿಗಳನ್ನು ಬಿಡುವ ಒಂದು ಏರ್ಪಾಡು ಆಯಿತೆಂದು ೭ರಂದು ಅಲ್ಲಿ ತಿಳಿಸಲಾಯಿತು. ಕನ್ನಡ ಸಂಘದ ವೇದಿಕೆಯಲ್ಲಿ ಇದನ್ನು ಎತ್ತಬಾರದೆನ್ನುವ ಮಿತ್ರರಿದ್ದಾರೆ. ನಾವು ಹಾಗೆ ತಿಳಿಯೆವು. ತವರುಮನೆಯ ಬಾಗಿಲು ಮುಚ್ಚಿದ್ದನ್ನು ಹೊರಗೆ ನಿಂತ ಮಗಳಲ್ಲದೆ ಇನ್ನಾರು ಹೇಳಬೇಕು?

ತಿರುಗಿ ಬಂದವರು ಇಲ್ಲಿಯ ಖೋಲಿಗಳಲ್ಲಿಯೇ ಉಳಿದರು. ಆಗ ಸಂಘದ ತರುಣರು ನಮ್ಮ ಬಳಿಗೆ ಬಂದು, ಪಾಲಿಕೆಯ ಸೂಚನೆಗಳೆಲ್ಲ ಮರಾಠಿಯಲ್ಲಿವೆ, ಕನ್ನಡದಲ್ಲಿ ಬರೆದುಕೊಡಿರಿ ಎಂದು ಕೇಳಿದರು. ಮರಾಠಿಯಲ್ಲಿದ್ದುದು ತಪ್ಪಲ್ಲ; ಅದು ಈ ರಾಜ್ಯದ ಭಾಷೆ, ನಮಗೆ ಅನ್ನವಿಟ್ಟ ಭಾಷೆ. ಕನ್ನಡದಲ್ಲಿ ಹೇಳುವುದು ನಮ್ಮ ಹೊಣೆಯಾಗಿತ್ತು. ನಾವು ಒಂದು ರಾತ್ರಿ ಕುಳಿತು ಬರೆದೆವು. “ಶಾರೀರಿಕ ಅಂತರವನ್ನು ಪರಿಪಾಲಿಸತಕ್ಕದ್ದು. ರೋಗಲಕ್ಷಣಗಳು ಗೋಚರಿಸಿದಲ್ಲಿ ಸ್ವಯಂಪ್ರೇರಣೆಯಿಂದ ಪ್ರತ್ಯೇಕವಾಸಕ್ಕೆ ಒಳಪಡತಕ್ಕದ್ದು.” ಹೀಗೆ ಹದಿಮೂರು ವಾಕ್ಯಗಳು. ಒಂದರಲ್ಲಿಯೂ ವ್ಯಾಕರಣದ ದೋಷವಿರಲಿಲ್ಲ. ಗೋಡೆಗೆ ಅಂಟಿಸಿದ ದಿನ ಅಥಣಿಯ ಕಡೆಯ ಫೌಂಡ್ರಿ ಕೆಲಸಗಾರನೊಬ್ಬನು ಅದನ್ನು ಎರಡು ಸಲ ಓದಿ, “ಗುರುಗಳ, ಇದು ಕೋರ್ಟಿನ ನೋಟೀಸೇನ್ರೀ?” ಎಂದು ಕೇಳಿದನು. ಪ್ರತ್ಯೇಕವಾಸವೆಂದರೆ ಬೇರೆಯಾಗಿ ಇರುವುದು ಎಂದು ಬಿಡಿಸಿ ಹೇಳಿದೆವು. “ಜಡ್ಡ ಬಂದ್ರ ಅಣ್ಣತಮ್ಮರು ಬ್ಯಾರೆ ಆಗಬೇಕಂತ ಸರಕಾರ ಯಾಕ ಹೇಳತೈತ್ರೀ?” ಎಂದನು. ಬೇರೆಯಾಗುವುದೆಂದರೆ ಅವನ ಮನೆಯಲ್ಲಿ ಹೊಲಮನೆಗಳ ಪಾಲಾಗುವುದು. ಇಪ್ಪತ್ತು ವರ್ಷ ಕನ್ನಡ ಕಲಿಸಿದ ನಮಗೆ ಅಂದು ತಲೆ ತಗ್ಗಿತು. ಆದರೂ, ನಾಚಿಕೆಯೆನಿಸುತ್ತದೆ ಹೇಳಲಿಕ್ಕೆ, ಆ ಕಾಗದವನ್ನು ನಾವು ಕೂಡಲೆ ಬದಲಿಸಲಿಲ್ಲ.

ಆಗಸ್ಟ್ ತಿಂಗಳ ಹೊತ್ತಿಗೆ ರೋಗವು ಈ ಜಿಲ್ಲೆಯಲ್ಲಿ ಬಲವಾಗಿ ಹರಡಿತು. ಮನೆಮನೆಯ ತಪಾಸಣೆ ನಡೆಯಿತು. ಕಾರ್ಖಾನೆಗಳ ಹಿಂದಿನ ಒಂದು ಸಾಲು ಖೋಲಿಗಳಲ್ಲಿ, ಸಿಂದಗಿ ತಾಲೂಕಿನಿಂದ ಮಗನ ಬಳಿಗೆ ಬಂದು ಸಿಕ್ಕಿಕೊಂಡಿದ್ದ ಮುದುಕಿಯೊಬ್ಬಳು ಬಾಗಿಲಲ್ಲಿ ಕುಳಿತಿದ್ದಳು. ತಪಾಸಣೆಗೆ ಬಂದ ಹೆಣ್ಣುಮಗಳು ಮರಾಠಿಯಲ್ಲಿ, ಎಂಟು ದಿನಗಳಲ್ಲಿ ಮನೆಯೊಳಗೆ ಯಾರಿಗಾದರೂ ‘ತಾಪ’ ಇತ್ತೇ ಎಂದು ಕೇಳಿದಳು. ಮರಾಠಿಯಲ್ಲಿ ತಾಪವೆಂದರೆ ಜ್ವರ. ನಮ್ಮ ಮುದುಕಿಯ ಕನ್ನಡದಲ್ಲಿ ತಾಪವೆಂದರೆ ತೊಂದರೆ, ಗೋಳು. ಆಕೆಗೆ ತಿಳಿದದ್ದು ಅದೊಂದೇ ಶಬ್ದ. “ತಾಪ ಯಾರಿಗಿಲ್ಲ ತಂಗೀ? ನಾಕ ತಿಂಗಳಾತು, ಮನೀಮಂದಿಗೆಲ್ಲಾ ತಾಪನ ಐತಿ” ಎಂದು ಕೈಯಾಡಿಸಿದಳು. ಬಂದವಳು ಕೈಯ ಸನ್ನೆಯನ್ನೂ ‘ತಾಪ’ವನ್ನೂ ಹಿಡಿದು, ಮನೆಮಂದಿಗೆಲ್ಲ ಜ್ವರವೆಂದು ಬರೆದುಕೊಂಡಳು. ಆಕೆಯದೇನೂ ತಪ್ಪಿಲ್ಲ, ಬಿಸಿಲಿನಲ್ಲಿ ನೂರು ಬಾಗಿಲು ತಟ್ಟಿ ಬಂದವಳು. ಮರುದಿನ ಬೆಳಗ್ಗೆ ಗಾಡಿ ಬಂದಿತು. ಮೈತುಂಬ ಬಿಳಿಯ ಉಡುಪು ತೊಟ್ಟವರು ಇಳಿದರು. ಸಾಲಿನ ಬಾಗಿಲುಗಳೆಲ್ಲ ದಡದಡನೆ ಮುಚ್ಚಿದವು. ನಮ್ಮ ಶಿಷ್ಯನೊಬ್ಬನು ಫೋನು ಮಾಡಲು ನಾವು ಓಡಿಹೋಗಿ, ಒಂದು ತಾಸು ಎರಡೂ ಕಡೆಯವರಿಗೆ ಬಿಡಿಸಿ ಹೇಳಿದ ಮೇಲೆ ಗಾಡಿ ಬರಿದಾಗಿ ಮರಳಿತು.

ನಾವು ಮನೆಗೆ ಬಂದು ಅದನ್ನು ಮಿತ್ರರಿಗೆ ಹೇಳಿ ನಕ್ಕೆವು. ಒಂದು ವಾರ ಅದೇ ಹಾಸ್ಯ. ಒಂದೇ ಶಬ್ದಕ್ಕೆ ಎರಡು ನುಡಿಗಳಲ್ಲಿ ಎರಡು ಅರ್ಥ, ಶ್ಲೇಷಾಲಂಕಾರಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಯಾವುದೆಂದು ವಿದ್ವತ್ತಿನ ಮಾತನ್ನೂ ಆಡಿದೆವು. ಆ ಸಾಲಿಗೆ ಮರಳಿ ಹೋಗಿ, ನಿಜವಾಗಿ ಜ್ವರ ಬಂದರೆ ಅಂಜದೆ ಹೇಳಿರಿ, ಹೇಳಿದರೆ ಕೆಡುಕಾಗದು ಎಂದು ತಿಳಿಸಬೇಕೆಂಬುದು ಮಾತ್ರ ನಮಗೆ ಹೊಳೆಯಲಿಲ್ಲ. ಅಲ್ಲಿಯ ಜನರು ಕಲಿತ ಪಾಠ ಬೇರೆಯಾಗಿತ್ತು. ತಾಪವೆಂದರೆ ಗಾಡಿ ಬರುತ್ತದೆ. ಆದುದರಿಂದ ಏನು ಕೇಳಿದರೂ ಇಲ್ಲವೆನ್ನಬೇಕು. ಅದೇ ಸಾಲಿನ ಕೊನೆಯ ಖೋಲಿಯವನಿಗೆ, ನಲವತ್ತರ ಒಳಗಿನ ಗಟ್ಟಿ ಆಳಿಗೆ, ಜ್ವರ ಬಂದಿತು. ತಪಾಸಣೆಯವರು ಬಂದಾಗ ಒಳಗೆ ಮಲಗಿಸಿ ಬಾಗಿಲು ಎಳೆದುಕೊಂಡರು. ಆರು ದಿನ ಹೀಗೆ ಕಳೆಯಿತು. ಏಳನೆಯ ರಾತ್ರಿ ದಮ್ಮು ಹತ್ತಿದಾಗ ನಮಗೆ ಕರೆ ಬಂದಿತು. ಊರಿನಲ್ಲಿ ಹಾಸಿಗೆ ದೊರಕಿಸಿ ಒಯ್ಯುವಷ್ಟರಲ್ಲಿ ಬೆಳಗಾಯಿತು. ಮೂರನೆಯ ದಿನ ಅವನು ತೀರಿಕೊಂಡನು. ಅವನ ಹೆಂಡತಿಯು ಅಳಲೂ ಇಲ್ಲ. “ತಾಪ ಐತಿ ಅಂದ್ರ ಒಯ್ತಾರಂತ ಹೇಳಲಿಲ್ರೀ” ಎಂದಷ್ಟೇ ಅಂದಳು. ಮೊದಲೇ ಒಯ್ದಿದ್ದರೆ ಬದುಕುತ್ತಿದ್ದನೋ ಇಲ್ಲವೋ ಎಂಬುದನ್ನು ವೈದ್ಯರೂ ಹೇಳಲಾರರು. ನಾವಂತೂ ಅಂದಿನಿಂದ ಶ್ಲೇಷಾಲಂಕಾರದ ಪಾಠ ಹೇಳುವಾಗ ಆ ಉದಾಹರಣೆಯನ್ನು ಕೊಟ್ಟಿಲ್ಲ.

ಸೆಪ್ಟೆಂಬರ್ ೧೫ರಿಂದ ಮಹಾರಾಷ್ಟ್ರ ಸರಕಾರವು ‘ನನ್ನ ಕುಟುಂಬ, ನನ್ನ ಜವಾಬ್ದಾರಿ’ ಎಂಬ ಅಭಿಯಾನವನ್ನು ಆರಂಭಿಸಿ ಮತ್ತೆ ಮನೆಮನೆಗೂ ಜನರನ್ನು ಕಳಿಸಿತು. ಆ ಸಲ ನಾವೂ ನಮ್ಮ ಹಳೆಯ ವಿದ್ಯಾರ್ಥಿಗಳು ನಾಲ್ವರೂ ಜೊತೆಗೆ ನಡೆದೆವು. ಮೊದಲು ಕುಳಿತು ನೀರು ಕುಡಿಯುತ್ತಿದ್ದೆವು, ಊರು ಯಾವುದೆಂದು ಕೇಳುತ್ತಿದ್ದೆವು, ಆಮೇಲೆ ಪ್ರಶ್ನೆ. ಹೊತ್ತು ಹಿಡಿಯುತ್ತಿತ್ತು, ಜೊತೆಗಿದ್ದ ಆಶಾ ಕಾರ್ಯಕರ್ತೆಯರು ಮೊದಮೊದಲು ಬೇಸರಪಟ್ಟರು, ಬಳಿಕ ಅವರೇ ‘ಜ್ವರ’, ‘ದಮ್ಮು’, ‘ವಾಸನಿ ಬರತೈತೇನ್ರೀ’ ಎಂದು ಕಲಿತುಕೊಂಡರು. ಆ ಹೆಣ್ಣುಮಕ್ಕಳಿಗೆ ದೊರೆಯುತ್ತಿದ್ದ ಗೌರವಧನವೆಷ್ಟೆಂಬುದನ್ನು ಕೇಳಿದರೆ ನಿಮಗೆ ನಾಚಿಕೆಯಾದೀತು. ಅದು ಇನ್ನೊಂದು ಭಾಷಣದ ವಿಷಯ.

೨೦೨೧ರ ಜನವರಿ ೧೬ರಂದು ದೇಶದಲ್ಲಿ ಲಸಿಕೆಯು ಆರಂಭವಾಯಿತು. ಅಕ್ಟೋಬರ್ ೨೧ಕ್ಕೆ ನೂರು ಕೋಟಿ ಚುಚ್ಚುಮದ್ದು ಮುಗಿಯಿತು. ಜಗತ್ತು ಬೆರಗಾಗುವ ಕೆಲಸವದು; ನಾವು ಅದನ್ನು ಮನಸಾರೆ ಹೊಗಳುತ್ತೇವೆ. ಆದರೆ ಹೆಸರು ನೋಂದಿಸುವ ಕೋವಿನ್ ಎಂಬ ವ್ಯವಸ್ಥೆಯು ಕನ್ನಡ ಮರಾಠಿ ಮೊದಲಾದ ನಾಡನುಡಿಗಳಲ್ಲಿ ದೊರೆತದ್ದು ಜೂನ್ ತಿಂಗಳಲ್ಲಿ. ಜನವರಿಯಿಂದ ಜೂನಿನ ನಡುವೆ ಎರಡನೆಯ ಅಲೆ ಬಂದು ಹೋಗಿತ್ತು. ಆ ತಿಂಗಳುಗಳಲ್ಲಿ ಇಂಗ್ಲಿಷ್ ಬಾರದ ಕೆಲಸಗಾರನು ಮಗನನ್ನೋ ಮುಕಾದಮನನ್ನೋ ಅಂಗಡಿಯವನನ್ನೋ ಬೇಡಿಕೊಂಡು ತನ್ನ ಪಾಳಿಯನ್ನು ಗೊತ್ತುಮಾಡಿಕೊಳ್ಳಬೇಕಾಗಿತ್ತು. ಲಸಿಕೆಗೆ ಅಂಜಿದವರನ್ನು ಹಳ್ಳಿಯ ಗಮಾರರೆಂದು ಪೇಟೆಯವರು ಜರಿದರು. ಅಂಜಿಕೆಗೆ ಕಾರಣವೇ ಇಲ್ಲವೆಂದಲ್ಲ. ೧೯೦೨ರಲ್ಲಿ ಪಂಜಾಬದ ಮುಲ್ಕೋವಾಲದಲ್ಲಿ ಪ್ಲೇಗಿನ ಲಸಿಕೆಯ ಒಂದು ಸೀಸೆ ಕೆಟ್ಟು ೧೯ ಜನ ಧನುರ್ವಾಯುವಿನಿಂದ ಸತ್ತರು. ಅಪರಾಧವಿಲ್ಲದ ಹಾಫ್‌ಕಿನನು ಐದು ವರ್ಷ ಆ ಕಳಂಕವನ್ನು ಹೊತ್ತನು. ಅಂಜಿದವನಿಗೆ ಬೈಗುಳ ಔಷಧವಾಗದು. ನಮ್ಮ ಸಾಲಿನಲ್ಲಿ ಮೊದಲು ಚುಚ್ಚಿಸಿಕೊಂಡವಳು ಆ ಸಿಂದಗಿಯ ಮುದುಕಿಯೇ. ಕೈ ನೋಯಿತೇ ಎಂದು ಕೇಳಿದ್ದಕ್ಕೆ, “ಇದೂ ಒಂದು ತಾಪ” ಎಂದಳು.

ಈ ಸಂಘದ ಮುಂದೆ ನಮ್ಮದೊಂದು ಬಿನ್ನಹವಿದೆ. ಮರಾಠಿ ಬಲ್ಲ ದಾದಿಯೂ ಕನ್ನಡ ಮಾತ್ರ ಬಲ್ಲ ರೋಗಿಯೂ ಎದುರುಬದುರಾದಾಗ ಬೇಕಾಗುವ ಐವತ್ತು ಮಾತುಗಳ ಒಂದು ಚೀಟಿಯನ್ನು, ಒಂದು ಮಗ್ಗುಲಲ್ಲಿ ಮರಾಠಿ, ಇನ್ನೊಂದರಲ್ಲಿ ನಮ್ಮ ಆಡುಗನ್ನಡ, ಅಚ್ಚು ಹಾಕಿಸಿ ಈ ಭಾಗದ ಆರೋಗ್ಯ ಕೇಂದ್ರಗಳಿಗೆ ಕೊಡಬೇಕು. ಹಸ್ತಪ್ರತಿ ಬಹುಮಟ್ಟಿಗೆ ಸಿದ್ಧವಾಗಿದೆ. ಈ ಸಲ ನಾವು ಬರೆಯಲಿಲ್ಲ. ಖೋಲಿಗಳ ಬಾಗಿಲಲ್ಲಿ ಕುಳಿತು ಕೇಳಿ ಬರೆದುಕೊಂಡೆವು. ‘ಸೋಂಕು’ ಎಂಬುದನ್ನು ತೆಗೆದುಹಾಕಿದ್ದೇವೆ, ಏತಕ್ಕೆಂದರೆ ಕೆಲವರಿಗೆ ಅದು ದೆವ್ವದ ಗಾಳಿ. ‘ಅಂಟುಜಡ್ಡು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ತಾಪ’ದ ಎದುರಿಗೆ ‘ಜ್ವರ, ಮೈ ಸುಡೂದು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ.

ಒಂದು ಮಾತಿಗೆ ಮಾತ್ರ ಇನ್ನೂ ಕನ್ನಡ ಸಿಕ್ಕಿಲ್ಲ. ಜಡ್ಡು ಬಂದವನು ಹದಿನಾಲ್ಕು ದಿನ ಬೇರೆಯವರಿಂದ ದೂರವಿರುವುದಕ್ಕೆ ಏನೆನ್ನಬೇಕು? ಕ್ವಾರಂಟೈನ್ ಎಂದರೆ ಅರ್ಧ ಜನ ಸೆರೆಮನೆಯೆಂದು ತಿಳಿಯುತ್ತಾರೆ. ‘ಬ್ಯಾರೆ ಇರೂದು’ ಎಂದರೆ ಮನೆ ಒಡೆಯುತ್ತದೆ. ಹಿರಿಯ ಹೆಂಗಸರು ‘ಮೈಲಿಗಿ ಹಿಡಿಯೂದು’ ಎಂದು ಬರೆಯಿರಿ, ಎಲ್ಲರಿಗೂ ಥಟ್ಟನೆ ತಿಳಿಯುತ್ತದೆ ಎಂದರು. ನಿಜ, ತಿಳಿಯುತ್ತದೆ. ಆದರೆ ಆ ಶಬ್ದದ ಏಟನ್ನು ತಲೆತಲಾಂತರದಿಂದ ತಿಂದವರೂ ಅದೇ ಸಾಲಿನಲ್ಲಿದ್ದಾರೆ. ಅದನ್ನು ನಾವು ಅಚ್ಚಿಗೆ ಕೊಡಲಾರೆವು. ಪ್ಲೇಗಿನ ಕಾಲದಲ್ಲಿ ಹೊಲದ ಗುಡಿಸಲಿನಲ್ಲಿ ಇದ್ದುದಕ್ಕೆ ನಿಮ್ಮ ಊರುಗಳಲ್ಲಿ ಮುತ್ತಜ್ಜಿಯರು ಏನಾದರೊಂದು ಮಾತನ್ನು ಬಳಸುತ್ತಿದ್ದರೇ? ಇಂಡಿ, ಅಥಣಿ, ಜತ್ತ, ಸಿಂದಗಿಯ ಕಡೆಯವರು ಇಲ್ಲಿ ಬಹುಮಂದಿ ಇದ್ದೀರಿ. ಊರಿಗೆ ಹೋದಾಗ ಕೇಳಿ ಬನ್ನಿರಿ. ಆ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇವೆ.